ಬೆಣ್ಣೆ ತೆಗೆಯದ ಚಕ್ರ

ಮಾರ್ಚ್ ೩, ಸೋಮವಾರ

ಎಡಗಣ್ಣಿನ ಪೊರೆ ತೆಗೆದಾಯಿತು, ಬಲಗಣ್ಣಿನದು ಬಾಕಿ. ಕಣ್ಣಿನ ಡಾಕ್ಟರಮ್ಮ ಮೂರು ಮಾತು ಹೇಳಿದರು. ಬಗ್ಗಬಾರದು, ಭಾರ ಎತ್ತಬಾರದು, ತಾವು ಹೇಳುವವರೆಗೆ ಸ್ಟೀರಿಂಗ್ ಮುಟ್ಟಬಾರದು. ಮೊದಲ ಎರಡಕ್ಕೆ ನಾನು ತಲೆ ಆಡಿಸಿದೆ. ಮೂರನೆಯದಕ್ಕೆ ನನ್ನ ಪರವಾಗಿ ನನ್ನ ಹೆಂಡತಿಯೇ ತಲೆ ಆಡಿಸಿಬಿಟ್ಟಳು.

ಲಾರಿಯಲ್ಲಿದ್ದಷ್ಟು ಕಾಲವೂ ದಿನಾ ಟ್ರಿಪ್ ಬರೆದಿಡುತ್ತಿದ್ದೆ. ಆ ಚಾಳಿ ಬಿಟ್ಟಿಲ್ಲ. ಇವತ್ತಿನ ಟ್ರಿಪ್: ಹೊರಟದ್ದು ಮಂಚದಿಂದ, ತಲುಪಿದ್ದು ಅಂಗಳದ ಕುರ್ಚಿಗೆ, ಲೋಡು ಕಣ್ಣಿಗೆ ಹಾಕುವ ಔಷಧಿ.

ಲಾರಿ ಬಿಟ್ಟ ಮೇಲೆ ನಾನೊಂದು ಪಿಕಪ್ ಕೊಂಡು, ಬೆಟ್ಟದ ಮೇಲಿನ ಮನೆಗಳ ಹಾಲನ್ನು ಕೆಳಗಿನ ಡೈರಿಗೆ ಸಾಗಿಸುತ್ತಿದ್ದೆ. ಈಗ ನನ್ನ ಗಾಡಿಯನ್ನು ಮಗನ ಹೆಂಡತಿ ಓಡಿಸುತ್ತಿದ್ದಾಳೆ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿದ್ದಳು, ಆ ಸ್ಕೂಲು ಮುಚ್ಚಿತು, ನನ್ನ ಕಣ್ಣೂ ಮುಚ್ಚಿತು, ಕೀ ಅವಳ ಕೈಗೆ ಹೋಯಿತು. ಬಯಲಿನಲ್ಲಿ ಕಲಿಯುವ ಮಕ್ಕಳಿಂದ ಗಾಡಿಯಲ್ಲಿ ಎಂಟು ಹಾಕಿಸಿದವಳಿಗೆ ಬೆಟ್ಟದ ಗಾಡಿ ಏನು ಗೊತ್ತು? ಅದೂ ಈಗ ಮೇಲಿನ ರಸ್ತೆ ಕುಸಿದುಬಿದ್ದು, ಟಾರು ಮುಗಿದಲ್ಲಿಂದ ಒಣಗಿದ ಹಳ್ಳದ ಕಲ್ಲುಗಳ ಮೇಲೇ ಹತ್ತಬೇಕು. ಆ ದಾರಿಯಲ್ಲಿ ನಾನೇ ಇನ್ನೂ ಹೋಗಿಲ್ಲ.

ಮಾರ್ಚ್ ೪, ಮಂಗಳವಾರ

ಬೆಳಿಗ್ಗೆ ಅವಳು ಹೊರಡುವ ಮೊದಲು ನನ್ನ ಮರದ ಕೊಡತಿ ಹಿಡಿದು ಗಾಡಿಯ ಸುತ್ತ ಹೋದೆ. ಟೈರಿಗೆ ಒಂದು ಏಟು ಹಾಕಿದರೆ ಸಾಕು, ಗಾಳಿ ಎಷ್ಟಿದೆ ಎಂದು ನನ್ನ ಕಿವಿ ಹೇಳುತ್ತದೆ. ಟಣ್ ಎಂದರೆ ಸರಿ. ದಬ್ ಎಂದರೆ ತುಂಬಿಸು. ಮುಂದಿನ ಎರಡೂ ದಬ್ ಎಂದವು. ಸ್ಟೂಲ್ ಹಾಕಿಕೊಂಡು, ಬೆನ್ನು ನೆಟ್ಟಗಿಟ್ಟುಕೊಂಡು, ಗಾಳಿ ಮೆಷಿನ್‌ನಿಂದ ಕಲ್ಲಿನಂತೆ ಮಾಡಿ ಕಳಿಸಿದೆ.

"ಗಾಳಿ ಇನ್ಮೇಲೆ ನೀವೇ ನೋಡ್ಕೊಳ್ಳಿ ಮಾವ," ಎಂದಳು. ಅಷ್ಟಾದರೂ ತಿಳಿವಳಿಕೆ ಇದೆ. ಓಡಿಸುವುದು ಯಾರಾದರೂ ಆಗಲಿ, ಗಾಡಿ ನನ್ನದು.

ಮಾರ್ಚ್ ೭, ಶುಕ್ರವಾರ

ಡೈರಿಯವರು ಎರಡು ಕ್ಯಾನ್ ವಾಪಸ್ ಕಳಿಸಿದ್ದಾರೆ. ಮುಚ್ಚಳ ತೆಗೆದರೆ ಹಾಲಿನ ಮೇಲೆ ಬೆಣ್ಣೆ ಉಂಡೆಗಟ್ಟಿ ತೇಲುತ್ತಿತ್ತು! ಹಳ್ಳದ ಕುಲುಕಾಟಕ್ಕೆ ದಾರಿಯಲ್ಲೇ ಕಡೆದುಹೋಗಿದೆ. ಹಾಲು ಪರೀಕ್ಷೆ ಮಾಡುವ ಹೆಂಗಸು, "ಕ್ಯಾನ್ ತರೋ ಬದಲು ಕಡಗೋಲು ತನ್ನಿ," ಎಂದಳಂತೆ.

ಡೈರಿಯ ಮ್ಯಾನೇಜರ್ ಮಾತ್ರ ನಗಲಿಲ್ಲ. ಈ ತಿಂಗಳು ನೋಡುತ್ತಾರಂತೆ. ಹೀಗೇ ಆದರೆ ಬೆಟ್ಟದ ಹಾಲನ್ನೇ ನಿಲ್ಲಿಸುತ್ತಾರಂತೆ. ಮೇಲಿನ ಮನೆಗಳಿಗೆ ಬೇರೆ ಡೈರಿ ಇಲ್ಲ, ಬೇರೆ ಗಾಡಿಯವರು ಆ ಹಳ್ಳಕ್ಕೆ ಇಳಿಯುವುದಿಲ್ಲ.

ನನ್ನ ಹೆಂಡತಿಗೆ ಇದಾವುದರ ಚಿಂತೆಯೂ ಇದ್ದಂತಿಲ್ಲ. ಬೆಣ್ಣೆ ತೆಗೆದು ಅಕ್ಕಪಕ್ಕದ ಮನೆಗೆಲ್ಲ ಹಂಚಿದಳು. "ನಿಮ್ಮ ಕಾಲದಲ್ಲಿ ಒಂದು ದಿನಾನೂ ತಂದ್ಕೊಡ್ಲಿಲ್ಲ," ಎಂದು ನನಗೇ ಚುಚ್ಚಿದಳು.

ಮಾರ್ಚ್ ೧೧, ಮಂಗಳವಾರ

ಹಳ್ಳದ ನಡುವೆ ಪಂಕ್ಚರ್. ಮಗನ ಹೆಂಡತಿ ಜಾಕ್ ಹಾಕಿ ಚಕ್ರ ಬಿಚ್ಚಿದ್ದಾಳೆ. ಸ್ಟೆಪ್ನಿ ಚಕ್ರವನ್ನು ಬೋಲ್ಟಿನ ಎತ್ತರಕ್ಕೆ ಎತ್ತಲು ಆಗಲಿಲ್ಲ. ಕಬ್ಬಿಣದ ಚಕ್ರ, ಮೇಲೆ ದಪ್ಪ ಟೈರು. ಯಾರಾದರೂ ಬರಲೆಂದು ಬಿಸಿಲಲ್ಲಿ ಕಾದಿದ್ದಾಳೆ. ಯಾರೋ ಬರುವಷ್ಟರಲ್ಲಿ ಹಾಲೆಲ್ಲ ಒಡೆದಿತ್ತು.

ಅವಳು ಅಡುಗೆಮನೆಯಲ್ಲಿ ಮಗನ ಹತ್ತಿರ ಹೇಳುತ್ತಿದ್ದುದು ಕೇಳಿಸಿತು. "ಮಂಡಿವರೆಗೂ ಎತ್ತಿದೆ ಕಣೋ. ಅದರ ಮೇಲೆ ಬರ್ಲೇ ಇಲ್ಲ." ಅವನು ಆಸ್ಪತ್ರೆಯಲ್ಲಿ ನರ್ಸ್, ದಿನಾ ಮನುಷ್ಯರನ್ನೇ ಎತ್ತುವವನು. ಅವಳ ಕೈಗೆ ಎಣ್ಣೆ ಹಚ್ಚುತ್ತಿದ್ದ.

ಹೆಣ್ಣುಮಕ್ಕಳ ಕೆಲಸ ಅಲ್ಲ ಇದು ಎಂದು ನಾನು ಮೊದಲೇ ಹೇಳಿದ್ದೆ. ಹೇಳಿದ್ದು ನಿಜವಾಯಿತೆಂದು ಖುಷಿಯಾಗಬೇಕಿತ್ತು. ಆಗಲಿಲ್ಲ, ಊಟವೂ ಸೇರಲಿಲ್ಲ. ಕಣ್ಣಿನ ಔಷಧಿಯ ಪ್ರಭಾವ ಇರಬೇಕು.

ಮಾರ್ಚ್ ೧೩, ಗುರುವಾರ

ಊಟಕ್ಕೆ ಕೂತಾಗ ಕುಸ್ತಿ. ಸೊಸೆಗೆ ಅಲಾಯ್ ಚಕ್ರ ಬೇಕಂತೆ, ಅಲ್ಯೂಮಿನಿಯಮ್ಮಿನದು, ಹಗುರದ್ದು.

"ಕಬ್ಬಿಣ ಬಾಗುತ್ತೆ. ಬಾಗಿದ್ರೆ ಸುತ್ತಿಗೆ ತಗೊಂಡು ಬಡಿದು ನೆಟ್ಟಗೆ ಮಾಡ್ಬಹುದು. ನಿನ್ನ ಅಲ್ಯೂಮಿನಿಯಂ ಒಡೆದ್ರೆ ಪಾತ್ರೆ ಅಂಗಡಿಗೆ ಹಾಕ್ಬೇಕು, ಅಷ್ಟೇ," ಎಂದೆ.

"ಎಲ್ಲಾ ಅಲ್ಯೂಮಿನಿಯಮ್ಮೂ ಒಂದೇ ಅಲ್ಲ ಮಾವ. ಅಚ್ಚಿಗೆ ಎರೆದಿದ್ದು ಒಡೆಯುತ್ತೆ. ಒತ್ತಿ, ಬಡಿದು ಮಾಡಿರೋದು ಗಟ್ಟಿ. ಚಕ್ರ ಹಗುರ ಇದ್ರೆ ಕಲ್ಲು ಹತ್ತಿ ಇಳಿಯುವಾಗ ಮೇಲಿರೋ ಗಾಡಿಗೆ ಅಷ್ಟು ಏಟು ಬೀಳಲ್ಲ. ನಾನೊಬ್ಳೇ ಎತ್ತಬಹುದು. ಹಗುರಾನೂ ಇರ್ಬೇಕು, ಗಟ್ಟಿನೂ ಇರ್ಬೇಕು."

"ಹಗುರ ಬೇಕು, ಗಟ್ಟಿ ಬೇಕು! ಅಂಥದ್ದು ಲೋಕದಲ್ಲಿ ಎಲ್ಲಿದೆ?"

"ನನ್ನ ಸೊಸೆ ಇದ್ದಾಳಲ್ಲ," ಎಂದಳು ನನ್ನ ಹೆಂಡತಿ, ತಟ್ಟೆಯಿಂದ ತಲೆ ಎತ್ತದೆ. ಮಗ ನೀರು ನೆತ್ತಿಗೇರಿಸಿಕೊಂಡ.

ಮಾರ್ಚ್ ೧೫, ಶನಿವಾರ

ಚಕ್ರದಂಗಡಿಗೆ ಹೋಗಿದ್ದೆವು. ನನ್ನನ್ನು ಕರೆದಿರಲಿಲ್ಲ. ಸೊಸೆ ಗಾಡಿ ಹತ್ತುವ ಮೊದಲೇ ಕೊಡತಿ ತೊಡೆಯ ಮೇಲಿಟ್ಟುಕೊಂಡು ಪಕ್ಕದ ಸೀಟಿನಲ್ಲಿ ಕೂತಿದ್ದೆ. ಟಾರು ರಸ್ತೆ, ಹತ್ತಿರದ ದಾರಿ, ಗಾಡಿಯ ವಿಷಯದಲ್ಲಿ ಡಾಕ್ಟರಮ್ಮ ಬೇಡವೆಂದಿದ್ದು ಸ್ಟೀರಿಂಗ್ ಒಂದನ್ನೇ.

ಅಂಗಡಿಯವನಿಗೆ ನಾನಿಟ್ಟ ಹೆಸರು ಮಿಂಚಪ್ಪ. ಗೋಡೆಯ ಮೇಲೆಲ್ಲ ಚಕ್ರ, ಎಲ್ಲವೂ ಥಳಥಳ, ಅವನ ಕೂದಲೂ ಥಳಥಳ. ಒಳಗೆ ಕಾಲಿಟ್ಟರೆ ನನ್ನ ಹೊಸ ಕಣ್ಣಿಗೆ ಕನ್ನಡಿ ಹಿಡಿದಂತಾಯಿತು. ನೇರವಾಗಿ ನಮ್ಮನ್ನು ಒಂದು ದೊಡ್ಡ ಕಪ್ಪು ಚಕ್ರದ ಮುಂದೆ ನಿಲ್ಲಿಸಿದ.

"ಮೇಡಂ, ಇದು ಹಾಕ್ಸಿ. ಹದಿನೆಂಟು ಇಂಚು. ಗಾಡಿ ಮದುವಣಗಿತ್ತಿ ಥರ ಕಾಣುತ್ತೆ."

"ನನ್ನ ಗಾಡಿ ಹಾಲು ಹೊರುತ್ತೆ, ಮದುವೆಗೆ ಹೋಗಲ್ಲ," ಎಂದಳು ಸೊಸೆ. "ಚಕ್ರ ದೊಡ್ಡದಾದಷ್ಟೂ ರಬ್ಬರ್ ತೆಳ್ಳಗಾಗುತ್ತೆ. ನಂಗೆ ರಬ್ಬರ್ ಜಾಸ್ತಿ ಬೇಕು. ಹದಿನಾರು ತೋರಿಸಿ."

ಮಾತು ಸರಿ ಎನ್ನಿಸಿತು. ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

ಆಮೇಲೆ ಅವಳು ಮಾಡಿದ್ದನ್ನು ಬರೆಯಲೇಬೇಕು. ಬೇರೆಯವರು ಚಕ್ರದ ಮುಖ ನೋಡುತ್ತಾರೆ, ಇವಳು ಒಂದೊಂದನ್ನೂ ಮಗುಚಿ ಹಾಕಿ ಬೆನ್ನು ನೋಡಿದಳು. ಎಷ್ಟು ಭಾರ ಹೊರಬಹುದೆಂದು ಅಲ್ಲಿ ಒತ್ತಿರುತ್ತಾರೆ. ಒತ್ತದೆ ಇದ್ದದ್ದನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು. ಕಡ್ಡಿಗಳ ಸಂದಿಗೆ ಬೆರಳು ಹಾಕಿ, "ಇಲ್ಲಿ ಕಲ್ಲು ಸಿಕ್ಕಿಕೊಳ್ಳುತ್ತೆ," ಎಂದು ಇನ್ನೆರಡನ್ನು ಬಿಟ್ಟಳು. ಉಳಿದ ಮೂರಕ್ಕೆ ಟೈರು ಹಾಕಿಕೊಡಲು ಹೇಳಿದಳು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು, ಜಾಕ್ ಹಾಕಿದಾಗ ಬೋಲ್ಟು ಎಷ್ಟು ಎತ್ತರದಲ್ಲಿರುತ್ತದೋ ಅಷ್ಟಕ್ಕೆ. ಚಕ್ರ ಎತ್ತಿ ಆ ಗೆರೆಗೆ ಹಿಡಿಯುವುದು, ಅದೇ ಅವಳ ಪರೀಕ್ಷೆ. ಅಂಗಡಿಯ ಹುಡುಗರು ಓಡಿಬಂದರು. "ಬೇಡಿ, ಹಳ್ಳದಲ್ಲಿ ನೀವಿರಲ್ಲ," ಎಂದು ಅವರನ್ನು ನಿಲ್ಲಿಸಿದಳು.

ನನ್ನ ಪರೀಕ್ಷೆ ಬೇರೆ. ಕೊಡತಿಯಿಂದ ಒಂದು ಬರಿಯ ಚಕ್ರಕ್ಕೆ ಬಾರಿಸಿದೆ. ಮಿಂಚಪ್ಪ ತನಗೇ ಪೆಟ್ಟು ಬಿದ್ದವನಂತೆ ಕೂಗಿಕೊಂಡ.

"ಅಯ್ಯೋ ಯಜಮಾನ್ರೇ! ಪಾಲಿಶ್!"

"ಒಂದು ಏಟಿಗೆ ಪಾಲಿಶ್ ಹೋಗೋದಾದ್ರೆ ನಮ್ಮ ಹಳ್ಳಕ್ಕೆ ಇದು ಮುಖ ತೋರಿಸೋ ಹಾಗೇ ಇಲ್ಲ ಬಿಡು," ಎಂದೆ. ಸೊಸೆ ಬೆನ್ನು ತಿರುಗಿಸಿಕೊಂಡು ನಕ್ಕದ್ದು ಭುಜದಲ್ಲಿ ಗೊತ್ತಾಯಿತು.

ಮೊದಲ ಎರಡು ಚಕ್ರ ಮಂದವಾಗಿ ಸದ್ದು ಮಾಡಿದವು. ಮೂಲೆಯಲ್ಲಿ ಬೂದಿ ಬಣ್ಣದ ಒಂದಿತ್ತು, ಪಾಲಿಶ್ ಇಲ್ಲ, ಅಲಂಕಾರ ಇಲ್ಲ. ಬಾರಿಸಿದೆ. ಆಹಾ, ಗಂಟೆ! ಸದ್ದು ಅಂಗಡಿ ದಾಟಿ ರಸ್ತೆಗೆ ಹೋಯಿತು. ಅಷ್ಟರಲ್ಲಿ ಸೊಸೆ ಅದರ ಜೋಡಿಯನ್ನೇ ಎತ್ತಿ ಗೆರೆಗೆ ಹಿಡಿದು ನಿಂತಿದ್ದಳು, ಕೈ ನಡುಗದೆ.

"ಇದೇ," ಎಂದಳು.

ನನ್ನ ಕಿವಿಯೂ ಅದನ್ನೇ ಹೇಳಿತ್ತು. ಆದರೂ ನಾನು, "ನೋಡೋಣ, ಮೊದಲು ಹಳ್ಳ ಹತ್ತಲಿ," ಎಂದಷ್ಟೇ ಅಂದೆ.

ಮಾರ್ಚ್ ೧೮, ಮಂಗಳವಾರ

ನಾಲ್ಕು ಚಕ್ರ ಮತ್ತು ಸ್ಟೆಪ್ನಿ, ಐದೂ ಬಂದವು. ನನ್ನ ಹೆಂಡತಿ, "ಬಣ್ಣ ಹಚ್ಚೋದು ಮರೆತಿದ್ದಾರಾ?" ಎಂದು ಕೇಳಿದಳು. ಸಂಜೆ ಗಾಡಿ ಅಂಗಳದಲ್ಲಿ ನಿಂತಾಗ ಸ್ಟೀರಿಂಗ್ ಹಿಡಿದು ಸ್ವಲ್ಪ ಹೊತ್ತು ಕೂತೆ. ನಿಂತ ಗಾಡಿ, ಅದಕ್ಕೆ ಡಾಕ್ಟರಮ್ಮನ ಅಪ್ಪಣೆ ಬೇಡ.

ಮಾರ್ಚ್ ೧೯, ಬುಧವಾರ

ಬೆಳಿಗ್ಗೆ ಕೊಡತಿ ಹಾಕಿದರೆ ನಾಲ್ಕೂ ದಬ್! ಮಿಂಚಪ್ಪ ಗಾಳಿಯಲ್ಲೂ ಕೈ ಬಿಗಿ ಹಿಡಿದಿದ್ದಾನೆ. ತುಂಬಿಸಿದೆ. ಸ್ಟೆಪ್ನಿ ಗಾಡಿಯ ಹೊಟ್ಟೆಯ ಕೆಳಗೆ ನೇತಾಡುತ್ತದೆ, ಬಗ್ಗದೆ ಕೈ ಸಿಗುವುದಿಲ್ಲ, ಅದನ್ನು ಬಿಟ್ಟೆ.

ಮಧ್ಯಾಹ್ನ ಒಂದು ಕ್ಯಾನ್ ವಾಪಸ್ ಬಂತು. ಬೆಣ್ಣೆ. ನಾನು ಮೊದಲೇ ಹೇಳಿರಲಿಲ್ಲವೇ?

ಮಾರ್ಚ್ ೨೧, ಶುಕ್ರವಾರ

ಮತ್ತೆ ಬೆಣ್ಣೆ. ಸೊಸೆ ಮಿಂಚಪ್ಪನಿಗೆ ಫೋನ್ ಮಾಡಿದಳು. ಅವನು ಗಾಡಿಯ ಸ್ಪ್ರಿಂಗ್ ಸರಿಯಿಲ್ಲ ಎಂದನಂತೆ. ಸ್ಪ್ರಿಂಗ್ ಮೆಕ್ಯಾನಿಕ್, ಚಕ್ರ ಸರಿಯಿಲ್ಲ ಎಂದನಂತೆ. ಸಂಜೆ ಮೆಟ್ಟಿಲ ಮೇಲೆ ಕೂತು ಚಕ್ರಗಳನ್ನೇ ನೋಡುತ್ತಿದ್ದಳು.

"ತಿಂಗಳ ಕೊನೆವರೆಗೆ ನೋಡ್ತೀನಿ ಅತ್ತೆ. ಆಗ್ಲಿಲ್ಲ ಅಂದ್ರೆ ಕೀ ಕೊಟ್ಬಿಡ್ತೀನಿ. ಮತ್ತೆ ಯಾವುದಾದ್ರೂ ಸ್ಕೂಲಲ್ಲಿ ಎಂಟು ಹಾಕಿಸ್ತೀನಿ."

ಆಮೇಲೆ ನನ್ನ ಹೆಂಡತಿ ನನ್ನ ಹತ್ತಿರ ಬಂದು, "ಗೆದ್ರಲ್ಲ, ಸಮಾಧಾನನಾ?" ಎಂದಳು. ಗೆದ್ದವನಿಗೆ ಹೀಗಿರುತ್ತದೆಯೇ? ಆ ಚಕ್ರದ ಸದ್ದನ್ನು ನಾನು ನನ್ನ ಕಿವಿಯಾರೆ ಕೇಳಿದ್ದೇನೆ. ಅಂಥ ಚಕ್ರ ಮೋಸ ಮಾಡುವುದಿಲ್ಲ. ತಪ್ಪು ಬೇರೆಲ್ಲೋ ಇದೆ.

ನನ್ನ ಕೈಲಾದದ್ದು ಗಾಳಿ ಒಂದೇ. ಇನ್ನು ಮೇಲೆ ಅದರಲ್ಲಿ ಒಂದು ಕೂದಲೆಳೆಯಷ್ಟೂ ಕಡಿಮೆಯಾಗದಂತೆ ನೋಡಿಕೊಳ್ಳುತ್ತೇನೆ.

ಮಾರ್ಚ್ ೨೩, ಭಾನುವಾರ

ಬೆಣ್ಣೆ.

ಮಾರ್ಚ್ ೨೪, ಸೋಮವಾರ

ಡಾಕ್ಟರಮ್ಮ ಕಣ್ಣು ನೋಡಿ, ಇನ್ನು ಕುಲುಕಿದರೂ ತೊಂದರೆಯಿಲ್ಲ, ಪಕ್ಕದಲ್ಲಿ ಕೂತು ಎಲ್ಲಿಗೆ ಬೇಕಾದರೂ ಹೋಗಬಹುದು ಎಂದರು. ಭಾರ ಮಾತ್ರ ಇನ್ನೂ ಬೇಡ. ಮನೆಗೆ ಬಂದವನೇ ಸೊಸೆಗೆ, "ನಾಳೆ ನಾನೂ ಬರ್ತೀನಿ. ಚಕ್ರ ಹಳ್ಳದಲ್ಲಿ ಏನು ಮಾತಾಡುತ್ತೆ, ಕೇಳ್ಬೇಕು," ಎಂದೆ. ಬೇಡ ಎನ್ನುವಳೆಂದುಕೊಂಡಿದ್ದೆ. "ತಿಂಡಿ ಕಟ್ಕೊಳ್ತೀನಿ, ಬನ್ನಿ ಮಾವ," ಎಂದಳು.

ಮಾರ್ಚ್ ೨೫, ಮಂಗಳವಾರ

ಎಲ್ಲಿಂದ ಶುರು ಮಾಡಲಿ?

ಬೆಳಿಗ್ಗೆ ಎಂದಿನಂತೆ ಬಾರಿಸಿದೆ, ನಾಲ್ಕೂ ಟಣ್. ಖಾಲಿ ಕ್ಯಾನ್‌ಗಳೊಂದಿಗೆ ಹೊರಟೆವು. ಟಾರು ಮುಗಿದು ಹಳ್ಳ ಶುರುವಾಯಿತು. ನಾನು ಕಣ್ಣು ಮುಚ್ಚಿ ಚಕ್ರದ ಮಾತು ಕೇಳಲು ಹೊರಟವನು, ಕೇಳಿದ್ದು ನನ್ನ ಹಲ್ಲಿನ ಮಾತು. ಕಟಕಟ ಕಟಕಟ. ಹಿಂದೆ ಕ್ಯಾನ್‌ಗಳು ಒಂದಕ್ಕೊಂದು ಜಗಳವಾಡುತ್ತಿದ್ದವು. ಆದರೆ ಇವಳು ಓಡಿಸುವುದನ್ನು ನೋಡಬೇಕು! ಪ್ರತಿ ಕಲ್ಲನ್ನೂ ಮಾತಾಡಿಸಿಕೊಂಡು ಹೋಗುತ್ತಾಳೆ. ಎಲ್ಲಿ ಹತ್ತಬೇಕು, ಎಲ್ಲಿ ಪಕ್ಕಕ್ಕೆ ಸರಿಯಬೇಕು, ಎಲ್ಲಿ ತಾನಾಗಿ ಇಳಿಯಲು ಬಿಡಬೇಕು, ಒಂದು ಕಡೆಯೂ ತಡವರಿಸಲಿಲ್ಲ. ಬಯಲಿನಲ್ಲಿ ಎಂಟು ಹಾಕಿಸಿದವಳು ಎಂದು ನಾನು ಬರೆದದ್ದು ಯಾವ ಕೈಯಿಂದಲೋ.

ಅರ್ಧ ಹತ್ತಿದ್ದೆವು. ಚೂಪು ಕಲ್ಲೊಂದರ ಮೇಲೆ ಢಬ್! ಹಿಂದಿನ ಟೈರು ಹೋಯಿತು.

ನಾನು ಇಳಿದು ತೋಳು ಮಡಿಸಿದೆ. "ಡಾಕ್ಟರು ಏನಂದಿದ್ರು?" ಎಂದು ನನ್ನನ್ನು ಕಲ್ಲಿನ ಮೇಲೆ ಕೂರಿಸಿದಳು. ಜಾಕ್ ಹಾಕಿದಳು, ಬಿಚ್ಚಿದಳು, ಹೊಟ್ಟೆಯ ಕೆಳಗಿಂದ ಸ್ಟೆಪ್ನಿ ಇಳಿಸಿದಳು. ಬೋಲ್ಟಿನ ಮುಂದೆ ನಿಂತು ಒಂದು ಸಲ ಉಸಿರೆಳೆದುಕೊಂಡಳು. ನಾನೂ ಉಸಿರೆಳೆದುಕೊಂಡು ಹಿಡಿದೆ. ಎತ್ತಿದಳು. ಮಂಡಿ ದಾಟಿತು, ತೊಡೆ ದಾಟಿತು, ಬೋಲ್ಟಿಗೆ ಕೂತಿತು! ನನಗೆ ಚಪ್ಪಾಳೆ ತಟ್ಟಿಬಿಡಬೇಕೆನ್ನಿಸಿತು. ತಟ್ಟಿಯೂಬಿಟ್ಟೆ. ಅವಳು ತಿರುಗಿ ನೋಡಿ, ಮೂಗಿನ ಮೇಲೆ ಮಸಿ ಬಳಿದುಕೊಂಡು ನಕ್ಕಳು.

ಆ ಖುಷಿಯಲ್ಲೇ ಎದ್ದು ಹೋಗಿ ಹೊಸದಾಗಿ ಹಾಕಿದ ಚಕ್ರಕ್ಕೆ ಕೊಡತಿಯಿಂದ ಒಂದು ಏಟು ಹಾಕಿದೆ. ದಬ್.

"ಇದರಲ್ಲಿ ಗಾಳಿನೇ ಇಲ್ಲ ಕಣಮ್ಮ," ಎಂದೆ.

ಅವಳು ಕಿಸೆಯಿಂದ ಗಾಳಿಯ ಮೀಟರ್ ತೆಗೆದು ಹಿಡಿದಳು. "ಸರಿಯಾಗಿದೆ ಮಾವ. ಅಂಗಡೀಲಿ ಹೇಳಿ ಇಷ್ಟೇ ತುಂಬಿಸಿದ್ದು. ಹಳ್ಳದಲ್ಲಿ ಟೈರು ಮೆತ್ತಗಿದ್ರೆ ಕಲ್ಲನ್ನ ತಬ್ಕೊಂಡು ಹೋಗುತ್ತೆ. ಐದರಲ್ಲೂ ಇಷ್ಟೇ..."

ಇಬ್ಬರೂ ಉಳಿದ ಮೂರು ಟೈರುಗಳ ಕಡೆ ನೋಡಿದೆವು. ಹೊಟ್ಟೆ ತುಂಬ ಉಂಡು ಬಿಗಿದುಕೊಂಡ ನೆಂಟರ ಹಾಗೆ ಕೂತಿದ್ದವು. ಆಮೇಲೆ ಅವಳು ನನ್ನ ಕೈಲಿದ್ದ ಕೊಡತಿಯನ್ನು ನೋಡಿದಳು. ನಾನೂ ಅದನ್ನೇ ನೋಡಿದೆ.

ಲಾರಿಯಲ್ಲಿ ಟಾರು ರಸ್ತೆಯ ಮೇಲೆ, ಮೇಲೊಂದು ಮನೆಯಷ್ಟು ಭಾರ ಹೊತ್ತು ಕಲಿತ ಲೆಕ್ಕ ನನ್ನದು. ಅದನ್ನೇ ತಂದು ಈ ಪುಟ್ಟ ಗಾಡಿಗೆ, ಈ ಹಳ್ಳಕ್ಕೆ, ದಿನಾ ಬೆಳಿಗ್ಗೆ ಶ್ರದ್ಧೆಯಿಂದ ತುಂಬಿಸಿ ಕಳಿಸಿದ್ದೇನೆ. ಬೆಣ್ಣೆ ತೆಗೆದದ್ದು ಚಕ್ರವಲ್ಲ, ನಾನು.

"ನಾನು ಕಣಮ್ಮ," ಎಂದೆ. "ದಿನಾ ತುಂಬಿಸ್ತಿದ್ದೆ. ಕಲ್ಲಿನ ಹಾಗೆ."

ಬೈಯಲಿ ಎಂದು ಕಾದೆ. ಅವಳು ಬೋಲ್ಟು ಬಿಗಿಯುವ ಪಾನಾ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು, ನಾನು ಎದ್ದ ಕಲ್ಲಿನ ಮೇಲೇ ಕೂತು ನಗಲು ಶುರುಮಾಡಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ನಾನೇ ಅಲ್ವಾ ಮಾವ ಹೇಳಿದ್ದು, ಗಾಳಿ ನೀವೇ ನೋಡ್ಕೊಳ್ಳಿ ಅಂತ! ಎಷ್ಟು ಅಂತ ಹೇಳೋಕೆ ಸಂಕೋಚ. ಇಷ್ಟು ವರ್ಷ ಲಾರಿ ಓಡಿಸಿದವರಿಗೆ ನಾನೇನು ಗಾಳಿ ಹೇಳ್ಕೊಡೋದು ಅಂತ. ನೀವು ನೋಡಿದ ಮೇಲೆ ನಾನು ಮೀಟರ್ ಹಿಡಿದ್ರೆ ನಿಮ್ಗೆ ಬೇಜಾರಾಗುತ್ತೆ ಅಂತ ಹಿಡೀಲೇ ಇಲ್ಲ."

"ನಂಗೂ ಕೇಳ್ಬೇಕು ಅನ್ನಿಸ್ಲಿಲ್ಲ," ಎಂದೆ. ಸುಳ್ಳು ಯಾಕೆ, ಕೇಳುವವನೇ ಅಲ್ಲ ನಾನು. ಅಷ್ಟು ಹೊತ್ತಿಗೆ ನನಗೂ ನಗು ತಡೆಯಲಾಗಲಿಲ್ಲ. ಹಳ್ಳದಲ್ಲಿ ನಾವಿಬ್ಬರೇ ಹುಚ್ಚರಂತೆ ನಕ್ಕೆವು.

ಗಾಳಿ ಬಿಡುವ ಕೆಲಸ ನನಗೇ ಕೊಟ್ಟಳು. ಕ್ಯಾನ್ ಮಗುಚಿ ಹಾಕಿ ಕೂತು, ವಾಲ್ವಿನೊಳಗೆ ಕಡ್ಡಿ ಒತ್ತಿದೆ. ಸ್ಸ್‌ಸ್... ಹಳೇ ಡ್ರೈವರಿಗೆ ಇದಕ್ಕಿಂತ ಹೊಟ್ಟೆ ಉರಿಸುವ ಸದ್ದಿಲ್ಲ. ಮೊದಲನೆಯ ಟೈರಿಗೆ ಉರಿಯಿತು. ಮೂರನೆಯದಕ್ಕೆ ಹಾಯೆನ್ನಿಸಿತು.

ಮತ್ತೆ ಹೊರಟಾಗ ಗಾಡಿ ಬೇರೆಯೇ ಆಗಿತ್ತು. ಕಲ್ಲು ಬರುತ್ತಿತ್ತು, ಹೋಗುತ್ತಿತ್ತು, ಹಲ್ಲು ಬಾಯಲ್ಲಿ ಸುಮ್ಮನಿತ್ತು. ಮೇಲೆ ಹಾಲು ತುಂಬಿಸಿಕೊಂಡು ಇಳಿಯುವಾಗ ಅವಳು, "ಹಳೇ ಚಕ್ರಕ್ಕೂ ಗಾಳಿ ಕಮ್ಮಿ ಮಾಡಿದ್ರೆ ಸಾಕಾಗ್ತಿತ್ತೇನೋ ಮಾವ," ಎಂದಳು, ಚಕ್ರ ಕೊಂಡದ್ದು ವ್ಯರ್ಥವಾಯಿತೇ ಎಂಬ ದನಿಯಲ್ಲಿ.

"ಇವತ್ತು ಹಳೇ ಚಕ್ರ ಇದ್ದಿದ್ರೆ ಇನ್ನೂ ಅಲ್ಲೇ ಕೂತಿರ್ತಿದ್ವಿ. ನೀನು ಆರಿಸಿದ್ದೇ ಸರಿ. ಅಂಗಡೀಲೇ ಹೇಳ್ಬೇಕಿತ್ತು ನಾನು," ಎಂದೆ. ಅವಳು ದಾರಿಯಿಂದ ಕಣ್ಣು ತೆಗೆಯಲಿಲ್ಲ. ಕಿವಿ ಮಾತ್ರ ಕೆಂಪಾಯಿತು.

ಡೈರಿಯಲ್ಲಿ ಪರೀಕ್ಷೆಯ ಹೆಂಗಸು ಮುಚ್ಚಳ ತೆಗೆದಳು, ಇಣುಕಿದಳು, ಸೌಟು ಹಾಕಿ ಕಲಕಿದಳು. ಇನ್ನೊಂದು ಕ್ಯಾನ್ ತೆಗೆದಳು. "ಬೆಣ್ಣೆ ಎಲ್ಲಿ?" ಎಂದಳು.

"ಅದಕ್ಕೆ ನಮ್ಮ ಮಾವನ್ನೇ ಕೇಳ್ಬೇಕು," ಎಂದಳು ನಮ್ಮ ಹುಡುಗಿ.

ಮಾರ್ಚ್ ೩೧, ಸೋಮವಾರ

ಒಂದು ಕ್ಯಾನೂ ವಾಪಸ್ಸಿಲ್ಲ. ಮ್ಯಾನೇಜರ್ ಬೆಟ್ಟದ ಹಾಲು ಮುಂದುವರಿಯಲಿ ಎಂದರು. ಮೇಲಿನ ಮನೆಗಳಲ್ಲಿ ಸಂಭ್ರಮವೋ ಸಂಭ್ರಮ, ಒಬ್ಬರು ಸೊಸೆಯ ಗಾಡಿಗೆ ಹೂವಿನ ಗೊಂಚಲು ಸಿಕ್ಕಿಸಿ ಕಳಿಸಿದ್ದಾರೆ. ನಮ್ಮ ಮನೆಯಲ್ಲಿ ಒಬ್ಬಳದು ಮಾತ್ರ ಮುಖ ಸಪ್ಪಗಿದೆ. "ಇನ್ನು ಬೆಣ್ಣೆ ಅಂಗಡಿಯಿಂದ ತರ್ಬೇಕಾ?" ಎಂದಳು ನನ್ನ ಹೆಂಡತಿ. ಮಗ, "ಅಪ್ಪನ ಕೈಗೆ ಒಂದು ದಿನ ಗಾಳಿ ಮೆಷಿನ್ ಕೊಡಮ್ಮ," ಎಂದ. ಆಡಲಿ, ಇವತ್ತು ಎಲ್ಲರಿಗೂ ಆಡುವ ಹಕ್ಕಿದೆ.

ಏಪ್ರಿಲ್ ೨೬, ಶನಿವಾರ

ಬಲಗಣ್ಣಿನದೂ ಆಗಿ, ಪಟ್ಟಿ ತೆಗೆದು, ಇವತ್ತು ಡಾಕ್ಟರಮ್ಮ ಕೊನೆಯ ಸಲ ನೋಡಿದರು. "ಇನ್ನೇನಿಲ್ಲ, ಗಾಡಿ ಓಡಿಸಿ," ಎಂದರು. ಈ ಮಾತಿಗೆ ನಾನು ಎಷ್ಟು ದಿನ ಬಾಯಿ ಬಿಟ್ಟುಕೊಂಡು ಕಾದಿದ್ದೆ!

ಮನೆಗೆ ಬರುವ ಹೊತ್ತಿಗೆ ಸುದ್ದಿ ನನಗಿಂತ ಮುಂಚೆಯೇ ಬಂದಿತ್ತು. ಸೊಸೆ ಅಂಗಳದಲ್ಲಿ ಗಾಡಿಯ ಪಕ್ಕ ನಿಂತಿದ್ದಳು. ಗಾಡಿ ತೊಳೆದಿದ್ದಳು. ಎರಡೂ ಕೈಯಲ್ಲಿ ಕೀ ಹಿಡಿದು ಮುಂದೆ ಚಾಚಿದಳು. ನಗುತ್ತಿದ್ದಳು, ಆದರೆ ಹೆಬ್ಬೆರಳು ಮಾತ್ರ ಕೀಯನ್ನು ಸವರುತ್ತಲೇ ಇತ್ತು.

"ತಗೊಳ್ಳಿ ಮಾವ. ನಿಮ್ಮ ಗಾಡಿ."

"ಯಾರ ಗಾಡಿ?" ಎಂದೆ. ನಿಜವಾಗಿಯೂ ಅರ್ಥವಾಗಲಿಲ್ಲ ಒಂದು ಕ್ಷಣ.

ನಾನು ಆ ಕಡೆಯಿಂದ ಬಳಸಿಕೊಂಡು ಹೋಗಿ, ಪಕ್ಕದ ಸೀಟಿನ ಬಾಗಿಲು ತೆಗೆದು, ಕೊಡತಿಯನ್ನು ಸೀಟಿನ ಕೆಳಗೆ ತಳ್ಳಿ, ಗಾಳಿ ಮೆಷಿನ್ನನ್ನು ಕಾಲ ಬಳಿ ಇಟ್ಟುಕೊಂಡು ಕೂತೆ. ಹಳ್ಳದ ಬಾಯಲ್ಲಿ ಬಿಡಬೇಕು, ಟಾರಿಗೆ ಬಂದ ಮೇಲೆ ತುಂಬಬೇಕು, ಒಬ್ಬರೇ ಎಷ್ಟೂಂತ ಮಾಡುತ್ತಾರೆ?

"ಗಾಳಿ ಎಷ್ಟಿರ್ಬೇಕು, ಹೇಳು," ಎಂದೆ.

ಅವಳು ಹೇಳಿದಳು. ಕೀ ಹಾಕಿದಳು. ನನ್ನ ಹೆಂಡತಿ ಗೇಟು ತೆಗೆದಳು. ಗಾಡಿ ಹಿಂದಕ್ಕೆ ಹೊರಟಾಗ, ಮೀಸೆ ಮೂಡುವ ವಯಸ್ಸಿನಲ್ಲಿ ಲಾರಿಯ ಹಿಂದೆ ನಿಂತು ಕೂಗುತ್ತಿದ್ದ ಕೂಗು ತಾನಾಗಿ ಬಾಯಿಗೆ ಬಂತು. ಕಿಟಕಿಯಿಂದ ತಲೆ ಹೊರಹಾಕಿ, ಬಾಗಿಲಿಗೆ ತಟ್ಟುತ್ತಾ ಬೀದಿಗೆಲ್ಲ ಕೇಳುವಂತೆ ಕೂಗಿದೆ: "ಬರ್ಲಿ... ಬರ್ಲಿ... ಬರ್ಲಿ... ರೈಟ್!"

ಹೊರಟದ್ದು ಮನೆಯಿಂದ. ತಲುಪಿದ್ದು ಬೆಟ್ಟ, ಅಲ್ಲಿಂದ ಡೈರಿ. ಲೋಡು ಹಾಲು. ಬೆಣ್ಣೆ ಇಲ್ಲ. ಡ್ರೈವರ್ ನಮ್ಮ ಹುಡುಗಿ. ಕ್ಲೀನರ್ ನಾನು.